ರಾಶಿ ಬಿಡದ ಮೊಮ್ಮಗಳು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸಿ ಬೋಳಿಸ್ರಿ. ಬರೀ ವಾಸನೆಯಿಂದ ಮೆಣಸಿನಕಾಯಿ ಯಾವ ಹೊಲದ್ದೆಂದು ಹೇಳುವ ಖರೀದಿದಾರ ಇಡೀ ಬ್ಯಾಡಗಿ ಪೇಟೆಯಲ್ಲಿ ನಾನೊಬ್ಬನೇ.

ಅವತ್ತು ಕರ್ಜಗಿಯ ಅಜ್ಜಿಯೊಬ್ಬಳು ಮೊಮ್ಮಗಳನ್ನು ಕಾಯಿಯ ರಾಶಿ ಮುಂದೆ ನಿಲ್ಲಿಸಿ, ತಾನು ಹಿಂದೆ ಕೂತಿದ್ದಳು.

"ಯವ್ವಾ, ಮನಿ ಗಂಡಸರನ್ನ ಕರೀರಿ, ಮಾತಾಡೂಣು" ಅಂದೆ.

"ಯಾಕ ತಮ್ಮಾ? ಕಾಯಿ ನೋಡಾಕ ಬಂದೀಯೋ, ಹೆಣ್ಣು ಕೇಳಾಕ ಬಂದೀಯೋ? ಬಿತ್ತಿದಾಕಿ ನನ್ನ ಮೊಮ್ಮಗಳು, ಮಾರಾಕಿನೂ ಅಕಿನ."

ಮೇಲೆ ಚಲೋ ಕಾಯಿ, ತಳದಲ್ಲಿ ಬಿಳಿಚಿದ್ದು ಇಡುವುದು ಹಳೆಯ ಆಟ. ಆ ಆಟ ಬಯಲಿಗೆಳೆದು ಹುಡುಗಿಯನ್ನು ಅಳಿಸಿಯೇ ಬಿಡೋಣವೆಂದು ರಾಶಿಯನ್ನು ಬುಡದವರೆಗೂ ಕೆದಕಿದೆ. ಘಾಟೆದ್ದಿತು. ಹುಡುಗಿ ಸೀನತೊಡಗಿದಳು.

"ಸೀನು ಬಂದರ ಸೀನವಾ, ಕಣ್ಣೀರು ಬಂದರ ಒರಸ್ಕೊ. ರಾಶಿ ಮಾತ್ರ ಬಿಟ್ಟು ಸರೀಬ್ಯಾಡ" ಅಂದಳು ಅಜ್ಜಿ.

ಹುಡುಗಿ ಸರಿಯಲಿಲ್ಲ. ಕಣ್ಣೊರೆಸಿಕೊಂಡು, "ತಳಕ್ಕೂ ಇದ ಕಾಯಿ ಐತ್ರಿ ಕಾಕಾ. ಸಾಕೋ, ಇನ್ನೂ ಕೆದಕತೀರೋ?" ಅಂದಳು.

ಅಷ್ಟರಲ್ಲಿ ಘಾಟು ನನ್ನ ಮೂಗಿಗೇರಿತು. ಸೀನುತ್ತ ನೀರಿನ ನಳದತ್ತ ಓಡಿದೆ. ತಿರುಗಿ ಬಂದರೂ ಅವಳು ನಿಂತಲ್ಲೇ ನಿಂತಿದ್ದಳು. ಅವಳ ಜೊತೆಗೇ ಮಾತಾಡಿ ಅಷ್ಟೂ ಕಾಯಿ ಕೊಂಡೆ.

ಒಂದು ಸಣ್ಣ ಮಾತು ಮಾತ್ರ ನಾನು ಸೇರಿಸಿದ್ದು. ನಳದತ್ತ ಓಡಲಿಲ್ಲ, ಕಣ್ಣೇ ಕಾಣುತ್ತಿರಲಿಲ್ಲ. ಅಜ್ಜಿಯೇ ನನ್ನ ಕೈಹಿಡಿದು ನಳದವರೆಗೆ ಕರೆದುಕೊಂಡು ಹೋದಳು.