ಚಿಕ್ಕಮ್ಮನ ಫೋನಿನಲ್ಲಿ ಅಳಿಸು, ಉಳಿಸು

ನವೆಂಬರ್ ೧೪, ಶುಕ್ರವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಹಿಂದೂಪುರದ ನಮ್ಮ ಮನೆಯಲ್ಲಿ ಎದ್ದು ಫೋನು ಕೈಗೆ ತೆಗೆದುಕೊಂಡರೆ ಅದರ ಮುಖವೇ ಬೇರೆಯಾಗಿತ್ತು. ರಾತ್ರಿ ಚಾರ್ಜಿಗೆ ಹಾಕಿದ್ದಾಗ ಅಪ್‌ಡೇಟ್ ಆಗಿದೆ. ಮೊದಲು ಒಂದೊಂದು ಆ್ಯಪ್‌ಗೂ ಗಾಢ ಬಣ್ಣದ ಒಂದು ಚೌಕವಿತ್ತು. ಈಗ ಎಲ್ಲಕ್ಕೂ ಹಾಲು ಬೆರೆಸಿದ ಗಾಜಿನಂಥ ಹಿನ್ನೆಲೆ, ಅದರ ಆಚೆ ಗೋಡೆಚಿತ್ರ ಮಸುಕಾಗಿ ಕಾಣುತ್ತದೆ. ಗಡಿಯಾರದ ಅಂಕಿಗಳು ತೆಳ್ಳಗೆ, ಎತ್ತರಕ್ಕೆ ನಿಂತಿದ್ದವು. ಬೆರಳಿಂದ ಸರಿಸಿದರೆ ಪುಟಗಳು ಸದ್ದಿಲ್ಲದ ನೀರಿನ ಹಾಗೆ ಸರಿಯುತ್ತಿದ್ದವು. ನನಗೆ ಬಹಳ ಇಷ್ಟವಾಯಿತು. ಕೆಲಸಕ್ಕೆ ಹೋಗುವ ಮುಂಚೆಯೇ ದಿನಚರಿಯಲ್ಲಿ ಬರೆದುಕೊಂಡೆ: ‘ಫೋನು ಚೆನ್ನಾಗಿದೆ. ಯಾರೋ ಮನಸ್ಸಿಟ್ಟು ಮಾಡಿದ್ದಾರೆ.’

ಏಳೂ ಕಾಲಿಗೆ ಕಲ್ಯಾಣದುರ್ಗದಿಂದ ಚಿಕ್ಕಮ್ಮ ಫೋನು ಮಾಡಿದಳು. ನನ್ನಮ್ಮನ ತಂಗಿ. ಅಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸು ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಅವಳದೂ ನನ್ನದೂ ಒಂದೇ ಕಂಪನಿಯ ಫೋನು.

“ನನ್ ಫೋನು ತೆಲುಗಾಗ್ಬುಟ್ಟದೆ ಕಣಮ್ಮ.”

“ಪೂರ್ತಿನಾ ಚಿಕ್ಕಮ್ಮ?”

“ಪೂರ್ತಿ ಅಲ್ಲ. ಓದಿದ್ರೆ ಕನ್ನಡ, ನೋಡಿದ್ರೆ ತೆಲುಗು.”

ಅವಳು ಹೇಳಿದ್ದು ಏನೆಂದು ನನ್ನ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಾಗ ತಿಳಿಯಿತು. ಕನ್ನಡ ಅಕ್ಷರಗಳನ್ನೂ ಹೊಸದಾಗಿ ಬರೆದಿದ್ದರು. ಕನ್ನಡದ ತಲೆಕಟ್ಟು ಅಕ್ಷರದ ಮೇಲೆ ಅಡ್ಡಗೆರೆಯಂತೆ ಚಾಚಿ ತುದಿಯಲ್ಲಿ ಬಾಗಿರುತ್ತದೆ; ತೆಲುಗಿನದು ಮೇಷ್ಟ್ರು ಹಾಕುವ ಸರಿ ಗುರುತಿನ ಹಾಗೆ ಮೇಲಕ್ಕೆ ಎದ್ದಿರುತ್ತದೆ. ಹೊಸ ಅಕ್ಷರಗಳಲ್ಲಿ ಅಡ್ಡಗೆರೆ ಗಿಡ್ಡವಾಗಿ, ತುದಿ ಮೇಲೆದ್ದಿತ್ತು. ಎರಡೂ ಲಿಪಿ ದಿನವೂ ಓದುವ ನನಗೆ ಅದು ಹೊಳೆದೇ ಇರಲಿಲ್ಲ.

ಚಿಕ್ಕಮ್ಮನಿಗೆ ಹೊಳೆಯಲು ಕಾರಣವಿದೆ. ಅವಳು ಓದಿದ್ದು ಕುಂದುರ್ಪಿ ಕಡೆಯ ಹಳ್ಳಿಯಲ್ಲಿ, ಏಳನೇ ತರಗತಿಯವರೆಗೆ, ಕನ್ನಡದಲ್ಲಿ. ಮದುವೆಯಾಗಿ ಬಂದ ಊರಿನಲ್ಲಿ ಬೋರ್ಡು, ಪೇಪರು, ಕರೆಂಟು ಬಿಲ್ಲು ಎಲ್ಲವೂ ತೆಲುಗು. ಮಾತಿಗೆ ತೊಂದರೆಯಿಲ್ಲ, ಗಿರಾಕಿಗಳ ಜೊತೆ ತೆಲುಗನ್ನು ಸರಾಗವಾಗಿ ಆಡುತ್ತಾಳೆ. ಮನೆಯೊಳಗೆ ಕನ್ನಡವೇ. ಆದರೆ ಅವಳ ಕಣ್ಣಿಗೆ ದಿನವೂ ಬೀಳುವ ಕನ್ನಡ ಅಕ್ಷರ ಆ ಊರಲ್ಲಿ ಒಂದೇ ಕಡೆ ಇತ್ತು, ಅದು ಅವಳ ಫೋನು. ಕೊಂಡ ದಿನವೇ ಯಾರನ್ನೂ ಕೇಳದೆ ತಾನೇ ಹುಡುಕಿ ಕನ್ನಡಕ್ಕೆ ಬದಲಿಸಿಕೊಂಡಿದ್ದಳು.

ಶನಿವಾರ ಮಧ್ಯಾಹ್ನ ಮತ್ತೆ ಫೋನು. ಈ ಸಲ ದನಿ ಗಟ್ಟಿಯಾಗಿತ್ತು. ಮದುವೆಯ ಹುಡುಗಿಯೊಬ್ಬಳು ತಂದು ತೋರಿಸಿದ ಹಳೇ ಬ್ಲೌಸಿನ ಕುತ್ತಿಗೆಯ ಡಿಸೈನನ್ನು ಚಿಕ್ಕಮ್ಮ ಫೋಟೋ ತೆಗೆದು ಬ್ಲೌಸು ವಾಪಸು ಕೊಟ್ಟಿದ್ದಳು. ಮಿಷನ್ ತುಳಿಯುತ್ತಿದ್ದಾಗ ಆ ಫೋಟೋ ಎತ್ತಿಡು ಎಂದು ಮಗನಿಗೆ ಹೇಳಿದ್ದಾಳೆ. ಅವನು ಪಾಲಿಟೆಕ್ನಿಕ್‌ನಲ್ಲಿ ಓದುತ್ತಾನೆ, ಕನ್ನಡ ಮಾತಾಡುತ್ತಾನೆ, ಓದಲು ಬಾರದು. ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಿದ. ಒಂದು ‘ಅಳಿಸು’, ಇನ್ನೊಂದು ‘ಉಳಿಸು’. ಫೋಟೋ ಹೋಯಿತು. ಮೊದಲಾಗಿದ್ದರೆ ಅಳಿಸು ಕೆಂಪಗೆ, ಉಳಿಸು ಹಸಿರಾಗಿ ಇರುತ್ತಿದ್ದವು, ಅವನು ಬಣ್ಣ ನೋಡಿಯೇ ಒತ್ತುತ್ತಿದ್ದ. ಹೊಸ ರೂಪದಲ್ಲಿ ಎರಡಕ್ಕೂ ಅದೇ ಹಾಲುಗಾಜು. ಚಿಕ್ಕಮ್ಮ ಆ ಹುಡುಗಿಯ ಮನೆಗೆ ಹೋಗಿ ಬ್ಲೌಸು ಮತ್ತೊಮ್ಮೆ ಕೇಳಿ ತರಬೇಕಾಯಿತು. ಗಿರಾಕಿಯ ಹತ್ತಿರ ಒಂದು ವಸ್ತುವನ್ನು ಎರಡು ಸಲ ಕೇಳುವುದು ಅವಳಿಗೆ ಆಗಿಬರುವುದಿಲ್ಲ.

“ತೆಲುಗು ಮಾಡ್ಬುಡು ಅಂತಾನೆ. ನೀನು ಬಂದು ನೋಡು. ನೀನೂ ಹಂಗೇ ಅಂದ್ರೆ ಮಾಡ್ಬುಡ್ತೀನಿ.”

ಅಂದರೆ ತೀರ್ಪು ನನ್ನ ತಲೆಗೆ ಬಂತು. ಭಾನುವಾರ ಮೊದಲ ಬಸ್ಸಿಗೆ ಹೊರಟು, ಪೆನುಕೊಂಡದಲ್ಲಿ ಇಳಿದು ಬಸ್ಸು ಬದಲಿಸಿ, ಕಲ್ಯಾಣದುರ್ಗ ಸೇರುವಾಗ ಬಿಸಿಲೇರಿತ್ತು. ದಾರಿಯುದ್ದಕ್ಕೂ ಯೋಚಿಸಿದೆ. ಚಿಕ್ಕಮ್ಮನ ಮಗ, ಅಂದರೆ ನನ್ನ ತಮ್ಮನ ವಾದದಲ್ಲಿ ಹುರುಳಿತ್ತು. ತೆಲುಗಿನಲ್ಲಿ ಆ ಎರಡು ಮಾತುಗಳು ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲದಂತಿವೆ; ಕನ್ನಡದಲ್ಲಿ ಒಂದೇ ಅಕ್ಷರ ವ್ಯತ್ಯಾಸ. ಅಂಗಡಿಯ ಅರ್ಧ ಕೆಲಸ ಅವನೇ ನೋಡುತ್ತಾನೆ. ಆದರೆ ಚಿಕ್ಕಮ್ಮನ ಕೈಯಿಂದ ಆ ಒಂದು ಕನ್ನಡವನ್ನೂ ತೆಗೆಯುವ ಮಾತನ್ನು ನಾನು ಆಡಲಾರೆ ಅನ್ನಿಸುತ್ತಿತ್ತು.

ಚಿಕ್ಕಪ್ಪನ ಫೋನೂ ಅದೇ ಕಂಪನಿಯದು, ಆದರೆ ಅಪ್‌ಡೇಟ್ ಬೇಕೇ ಎಂದು ಕೇಳಿದಾಗಲೆಲ್ಲ ಅವನು ‘ನಂತರ’ ಒತ್ತಿಕೊಂಡು ಬಂದಿದ್ದಾನೆ. ನಾನು ಅದನ್ನು ಕೇಳಿದಾಗ, “ನಂದು ಮುಟ್ಬೇಡ್ರವ್ವ, ಚೆನ್ನಾಗೈತೆ” ಎಂದು ಹೇಳಿಯೇ ಕೊಟ್ಟ. ಅದರ ಭಾಷೆಯನ್ನು ಸ್ವಲ್ಪ ಹೊತ್ತಿಗೆ ಕನ್ನಡ ಮಾಡಿದೆ. ಹಳೆಯದು, ಹೊಸದು ಎರಡನ್ನೂ ಕತ್ತರಿಸುವ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಹಾಳೆಯಲ್ಲಿ ಎರಡು ಕಾಲಂ ಎಳೆದೆ. ಒಳ್ಳೆಯದಾದದ್ದು, ಕೆಟ್ಟದ್ದು.

ಚಿಕ್ಕಮ್ಮ ಕನ್ನಡಕ ಏರಿಸಿ ಬಾಗಿದಳು.

“ಇದೇನು, ಲೈನಿಂಗ್ ಹಾಕ್ದೆ ನೆಟ್ ಬಟ್ಟೆ ಹೊಲ್ದಂಗೆ. ಒಳಗಿಂದೆಲ್ಲ ಕಾಣ್ತದೆ.”

“ನಿನ್ನ ನವಿಲು ಎಷ್ಟು ಚೆನ್ನಾಗಿ ಕಾಣ್ತಿದೆ ನೋಡು ಚಿಕ್ಕಮ್ಮ.” ಅವಳ ಗೋಡೆಚಿತ್ರ ಅವಳೇ ಕಸೂತಿ ಹಾಕಿದ ಒಂದು ನವಿಲು.

“ನವಿಲು ಕಾಣ್ತದೆ. ಫೋನ್ ಮಾಡೋ ಗುಂಡಿ ಎಲ್ಲೈತೆ ತೋರ್ಸು.”

ನಾನು ತೋರಿಸಲು ಒಂದು ಕ್ಷಣ ಹುಡುಕಿದೆ. ಕೆಟ್ಟದ್ದು, ಒಂದು ಗೀಟು.

ಆದರೆ ಅವಳು ಹಟಕ್ಕೆ ಬಿದ್ದು ಬಯ್ಯುವವಳಲ್ಲ. ಚೌಕಗಳ ಮೂಲೆಯನ್ನು ಬೆರಳಿನಿಂದ ಸವರಿ, “ಮೂಲೆ ಚೆನ್ನಾಗಿ ತಿರುವವ್ರೆ. ಮುದುರಿಲ್ಲ” ಅಂದಳು. ಗಡಿಯಾರದ ಅಂಕಿಗಳನ್ನು ನೋಡಿ ತಲೆಯಾಡಿಸಿದಳು. ಹಳೇ ಫೋನಿನ ಬಣ್ಣಗಳ ಕಡೆ ತಿರುಗಿ, “ಈಗ ನೋಡಿದ್ರೆ ಇದು ಜಾತ್ರೆ ಬಳೆ ಅಂಗ್ಡಿ ಇದ್ದಂಗೈತೆ” ಎಂದಾಗ ಚಿಕ್ಕಪ್ಪ ತನ್ನ ಫೋನನ್ನು ಮೇಜಿನಿಂದ ಎತ್ತಿಕೊಳ್ಳಲು ನೋಡಿದ, ನಾನು ಬಿಡಲಿಲ್ಲ. ಬೆಳಕು ಕಡಿಮೆಯಾದಾಗ ಪರದೆ ತಾನೇ ಮಂದವಾಗುವುದನ್ನು ನಾನು ಬಾಗಿಲು ಮುಚ್ಚಿ ತೋರಿಸಿದೆ. ಅವಳು ಎರಡು ಸಲ ಬಾಗಿಲು ತೆಗೆಸಿ ಮುಚ್ಚಿಸಿ ನೋಡಿದಳು.

ಒಂದು ಗಂಟೆಯಲ್ಲಿ ಒಳ್ಳೆಯದಕ್ಕೆ ಏಳು ಗೀಟು, ಕೆಟ್ಟದ್ದಕ್ಕೆ ನಾಲ್ಕು. ಎರಡು ಬಾಬತ್ತುಗಳಲ್ಲಿ ಒಪ್ಪಿಗೆಯಾಗಲಿಲ್ಲ. ಹೀಗೆ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡುವುದು ನನಗೇ ಹೊಳೆದಿರಲಿಲ್ಲ. ನಾನು ಶುಕ್ರವಾರ ಇಡೀ ಫೋನಿಗೆ ಒಟ್ಟಿಗೆ ಮರುಳಾಗಿದ್ದೆ.

ಅಕ್ಷರಗಳ ಸರದಿ ಬಂತು. ಅವಳು ‘ತ’ದ ಮೇಲೆ ಬೆರಳಿಟ್ಟಳು.

“ಇದರ ತಲೆಕಟ್ಟು ಬಿಚ್ಚಾಕವ್ರೆ.”

“ಬಿಚ್ಚಿಲ್ಲ, ಗಿಡ್ಡ ಮಾಡಿದ್ದಾರೆ. ಹಗುರವಾಗಿ ಚೆನ್ನಾಗಿದೆ.”

“ಹಗುರ ಐತೆ, ಸರಿ. ನಮ್ದು ಅನ್ಸಲ್ಲ.”

ಆಗ ತಮ್ಮ ಒಳಗಿನಿಂದ ಬಂದ. ತಟ್ಟೆ ಕೈಯಲ್ಲೇ ಇತ್ತು.

“ಅದ್ಕೇ ಅನ್ನೋದು ಅಕ್ಕಾ. ಹೆಂಗೂ ತೆಲುಗು ಆಗ್ಬುಟ್ಟದೆ, ಪೂರ್ತಿ ಮಾಡ್ಬುಟ್ರೆ ಗೊಡವನೇ ಇರಲ್ಲ. ನಂಗೇ ಈಗ ಓದಕ್ ಬತ್ತದೆ.”

“ನೀನು? ಕನ್ನಡ?” ಎಂದಳು ಚಿಕ್ಕಮ್ಮ. “ಓದ್ಲಾ ನೋಡಾನ.”

ಅವನು ಬಗ್ಗಿ, ಮೇಲ್ಗಡೆ ಹವಾಮಾನ ತೋರಿಸುವ ಜಾಗದಲ್ಲಿದ್ದ ಊರಿನ ಹೆಸರನ್ನು ನಿಧಾನಕ್ಕೆ ಓದಿದ. “ಕಲ್ಯಾಣ... ದು... ಗ... ತೊಮ್ಮಿದಿ.”

ತೊಮ್ಮಿದಿ ಅಂದರೆ ತೆಲುಗಿನಲ್ಲಿ ಒಂಬತ್ತು; ಅದು ಅಲ್ಲಿ ಯಾಕೆ ಬಂತೆಂದು ಯಾರಿಗೂ ಅರ್ಥವಾಗಲಿಲ್ಲ. ಅವನು ಬೆರಳಿಟ್ಟು ತೋರಿಸಿದ. ‘ರ್ಗ’ದ ಕೊನೆಯಲ್ಲಿರುವ ಅರ್ಕಾವೊತ್ತು, ಚಿಕ್ಕಂದಿನಲ್ಲಿ ಶಾಲೆಯಲ್ಲಿ ಕಲಿತ ತೆಲುಗು ಅಂಕಿಯ ಒಂಬತ್ತಾಗಿ ಅವನಿಗೆ ಕಂಡಿತ್ತು. ತೆಲುಗಿನಲ್ಲಿ ಆ ಒತ್ತನ್ನು ಹಾಗೆ ಬರೆಯುವುದಿಲ್ಲ. ಹೊಸ ಅಕ್ಷರದಲ್ಲಿ ಅದನ್ನು ಅಂಕಿಯಷ್ಟೇ ದೊಡ್ಡದಾಗಿ ಬರೆದಿದ್ದರು.

“ಹುಟ್ಟಿದೂರಿನ ಹೆಸ್ರಲ್ಲಿ ತೊಮ್ಮಿದಿ ಎಲ್ಲಿಂದ ಬಂತ್ಲಾ?” ಎಂದಳು ಚಿಕ್ಕಮ್ಮ.

“ಒಂಬತ್ತು ಡಿಗ್ರಿ ಅಂದ್ಕಂಡೆ.”

“ಹಂಗಾದ್ರೆ ಸ್ವೆಟರ್ ಹಾಕ್ಕಂಡ್ ಕೂತ್ಕೊ, ಹೋಗು” ಎಂದ ಚಿಕ್ಕಪ್ಪ. ತಮ್ಮನ ಬೆನ್ನ ಮೇಲೆ ಅಂಗಿ ಬೆವರಿಗೆ ಅಂಟಿತ್ತು.

ನಗು ನಿಂತ ಮೇಲೂ ಚಿಕ್ಕಮ್ಮ ಅವನನ್ನು ಬಿಡಲಿಲ್ಲ. ಇನ್ನೊಂದು ಓದು ಎಂದಳು, ಮತ್ತೊಂದು ಎಂದಳು. ಅವನು ‘ಗಡಿಯಾರ’ ಓದಿದ. ‘ಸಂದೇಶ’ದ ‘ದೇ’ಯಲ್ಲಿ ಎಡವಿ, “ಈ ಬಾಲ ಯಾಕೈತೆ?” ಎಂದ. ದೀರ್ಘ ಎಂದು ಅವಳು ಹೇಳಿದಳು. ನಾನು ಗಮನಿಸಿದ್ದು ಇಷ್ಟು: ಓದಲಾರೆ ಎಂದು ಇಷ್ಟು ವರ್ಷ ಆ ಅಕ್ಷರಗಳ ಕಡೆ ನೋಡದೆ ಇದ್ದವನು ಈಗ ನೋಡುತ್ತಿದ್ದಾನೆ. ಗಿಡ್ಡವಾದ ತಲೆಕಟ್ಟು ಅವಳಿಗೆ ತನ್ನದಲ್ಲ ಅನ್ನಿಸಿದ್ದರೆ, ಇವನಿಗೆ ಅದೇ ಪರಿಚಯದ ಮುಖವಾಗಿತ್ತು.

ಕೊನೆಗೆ ಅವಳು ಒಂದು ಫೋಟೋ ತೆರೆದು ಆ ಎರಡು ಗುಂಡಿಗಳನ್ನು ಅವನ ಮುಂದೆ ಹಿಡಿದಳು.

“ಇದು?”

“ಅಳಿಸು.” ತಡವರಿಸಲಿಲ್ಲ.

“ಇದು?”

“ಉಳಿಸು.”

“ಅ, ಉ ನಿಮ್ ತೆಲುಗಲ್ಲೂ ಇವೇ ಅಲ್ವೇನ್ಲಾ? ಮತ್ತೆ ನಿನ್ನೆ ಯಾಕೆ ಅದನ್ನೊತ್ತಿದೆ?”

ಅವನು ತಟ್ಟೆಯನ್ನು ಮೇಜಿನ ತುದಿಗೆ ಇಟ್ಟ. “ಓದ್ಲಿಲ್ಲಮ್ಮ. ಕನ್ನಡ ಅಂತ ಓದಕ್ಕೇ ಹೋಗ್ಲಿಲ್ಲ.”

ಚಿಕ್ಕಮ್ಮ ನನ್ನ ಕಡೆ ನೋಡಿದಳು. ನಾನು ತೀರ್ಪು ಹೇಳಬೇಕಿತ್ತು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳು ಯಾವುವೂ ಬೇಕಾಗಲಿಲ್ಲ. ಅವಳು ಅಷ್ಟರಲ್ಲಿ ತಾನೇ ತೀರ್ಮಾನ ಮಾಡಿಬಿಟ್ಟಿದ್ದಳು.

“ಹೊಸದೇ ಇರ್ಲಿ. ಕನ್ನಡ್ದಾಗೇ ಇರ್ಲಿ. ನೀನು ಮಾತ್ರ ಗುಂಡಿ ಒತ್ತೋಕೆ ಮುಂಚೆ ಬಾಯ್ಬಿಟ್ಟು ಓದ್ಬೇಕು. ಮಿಷನ್ ಸದ್ದಲ್ಲೂ ನಂಗೆ ಕೇಳ್ಬೇಕು.”

“ಗಿರಾಕಿಗಳು ಇರ್ತಾರಮ್ಮ.”

“ಇರ್ಲಿ. ಅವ್ರೂ ಕಲೀತಾರೆ.”

“ಸರೇ” ಎಂದ ತಮ್ಮ, ತೆಲುಗಿನಲ್ಲಿ.

ಆ ಮಧ್ಯಾಹ್ನವೇ ಮದುವೆಯ ಹುಡುಗಿಯ ಬ್ಲೌಸಿನ ಫೋಟೋ ಹೊಸದಾಗಿ ತೆಗೆದರು. ಚಿಕ್ಕಮ್ಮ ಮಿಷನ್‌ಗೆ ಕೂತಳು. ಅಂಗಡಿಯಲ್ಲಿ ಇಬ್ಬರು ಹೆಂಗಸರು ಸೀರೆಗೆ ಫಾಲ್ ಆರಿಸುತ್ತಿದ್ದರು. ತಮ್ಮ ಫೋನು ಹಿಡಿದು, ಕಂಡಕ್ಟರು ಊರಿನ ಹೆಸರು ಕೂಗುವ ಹಾಗೆ, “ಉಳಿಸು” ಎಂದ. ಅವಳು ಸೂಜಿಯಿಂದ ಕಣ್ಣು ತೆಗೆಯದೆ “ಹೂಂ, ಒತ್ತು” ಎಂದಳು. ಹೆಂಗಸರಲ್ಲೊಬ್ಬಳು “ಏಮಿಟಿ ಅದಿ?”, ಅದೇನು ಎಂದು ಕೇಳಿದ್ದಕ್ಕೆ ಚಿಕ್ಕಮ್ಮ ತೆಲುಗಿನಲ್ಲೇ ಎರಡು ಮಾತಿನ ಅರ್ಥವನ್ನೂ ಹೇಳಿ, ಮತ್ತೆ ಮಿಷನ್ ತುಳಿದಳು.

ಇದಾಗಿ ನಾಲ್ಕು ವಾರವಾಯಿತು. ವಾರಕ್ಕೊಮ್ಮೆ ಫೋನಿನಲ್ಲಿ ವಿಚಾರಿಸಿ ಬರೆದಿಟ್ಟಿದ್ದೇನೆ. ಒಂದು ಫೋಟೋವೂ ಹೋಗಿಲ್ಲ, ಭಾಷೆಯೂ ಬದಲಾಗಿಲ್ಲ. ‘ತ’ದ ಬಗ್ಗೆ ಚಿಕ್ಕಮ್ಮನ ಅಭಿಪ್ರಾಯವೂ ಬದಲಾಗಿಲ್ಲ. ಅದು ಕೆಟ್ಟದ್ದರ ಕಾಲಮಿನಲ್ಲೇ ಇರಲಿ ಎಂದಿದ್ದಾಳೆ.

ಆ ಭಾನುವಾರ ನಾನು ಹೊರಡುವಾಗ ಅವಳು ಕೇಳಿದ ಒಂದು ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. “ಇದ್ನೆಲ್ಲ ಕೂತು ಬರ್ದೋರು ಯಾರಮ್ಮ? ಕನ್ನಡದೋರಾ, ತೆಲುಗೋರಾ? ಏಳು ಒಳ್ಳೇದು ಮಾಡವ್ರೆ, ಒಂದ್ ಮಾತು ಹೇಳ್ಬೇಕಿತ್ತು.” ಹುಡುಕಿ ನೋಡಿದೆ. ಕಂಪನಿಯ ಪುಟದಲ್ಲಿ ಹೊಸ ಅಕ್ಷರ ಎಂದಷ್ಟೇ ಇದೆ, ಬರೆದವರ ಸುಳಿವಿಲ್ಲ. ಅವರು ಎರಡೂ ಲಿಪಿಯನ್ನು ಪಕ್ಕದಲ್ಲಿಟ್ಟುಕೊಂಡು ಬೇಕೆಂದೇ ಹತ್ತಿರ ತಂದರೋ, ಅದು ತಾನಾಗಿ ಆಯಿತೋ ತಿಳಿಯದು. ಫೋನುಗಳಿಗೆ ಕನ್ನಡ ಅಕ್ಷರ ಬರೆಯುವ ಕೆಲಸ ಬಲ್ಲವರು, ಅಥವಾ ಅಂಥವರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ, ತಲೆಕಟ್ಟನ್ನು ಗಿಡ್ಡ ಮಾಡಿದ್ದು ಯಾಕೆಂದು ಎರಡು ಸಾಲು ಬರೆದು ತಿಳಿಸಿ. ಚಿಕ್ಕಮ್ಮನಿಗೆ ಓದಿ ಹೇಳುತ್ತೇನೆ.