ಚೌಡಕ್ಕನ ಸಮುದ್ರ

ಕುಂದುರ್ಪಿಯಲ್ಲಿ ಯಾರಾದರೂ ನಂಬಲಾಗದ ಮಾತಾಡಿದರೆ ಎದುರಿಗಿದ್ದವರು ಸುಳ್ಳು ಅನ್ನುವುದಿಲ್ಲ. ‘ಚೌಡಕ್ಕನ ಸಮುದ್ರ ಬಿಡಪ್ಪ’ ಎಂದು ನಗುತ್ತಾರೆ. ಮಳೆ ಬಂದರೆ ಕಡಲೆಕಾಯಿ ಬಿತ್ತುವ, ಬಾರದಿದ್ದರೆ ಕುರಿಗಳ ಹಿಂದೆ ಅಲೆಯುವ ಊರಿದು. ಇಲ್ಲಿ ಸಮುದ್ರವನ್ನು ಯಾರು ಕಂಡಿದ್ದರು? ಕಂಡಿದ್ದವಳು ಚೌಡಕ್ಕ, ಅದೂ ನಲವತ್ತು ವರ್ಷದ ಹಿಂದೆ.

ಮದುವೆಯಾದ ಹೊಸತರಲ್ಲಿ ಅವಳೂ ಗಂಡ ನರಸಿಂಹಪ್ಪನೂ ಕೂಲಿ ಮೇಸ್ತ್ರಿಯ ಜೊತೆ ಉಪ್ಪುಪಾಳೆಂ ಎಂಬ ಪುಟ್ಟ ಊರಿಗೆ ಉಪ್ಪು ಬಾಚಲು ಹೋಗಿ ಎಂಟು ತಿಂಗಳಿದ್ದು ಬಂದರು. ಬಂದವಳು ಸುಮ್ಮನಿರಬಾರದಿತ್ತೆ? ಕಳೆ ಕೀಳುವಾಗ, ಕುರಿ ಮೇಯಿಸುವಾಗ, ಬಸ್ಸಿಗೆ ಕಾಯುವಾಗ ಅವಳ ಬಾಯಲ್ಲಿ ಅದೇ ಊರು. ಆ ಊರಿಗೆ ಇರುವುದೊಂದೇ ಬೀದಿ, ಅದು ನೆಟ್ಟಗೆ ಹೋಗಿ ನೀರಿಗೆ ಬೀಳುತ್ತದೆ. ಮನೆಗಳೆಲ್ಲ ಸಮುದ್ರಕ್ಕೆ ಬೆನ್ನು ತೋರಿಸಿ ನಿಂತಿವೆ, ಆ ಕಡೆ ಬಾಗಿಲಿಟ್ಟರೆ ಅನ್ನಕ್ಕೆಲ್ಲ ಮರಳು. ಅಲೆಯ ಸದ್ದಿಗೆ ಜನ ಕಿರುಚಿಯೇ ಮಾತಾಡುತ್ತಾರೆ, ಗುಟ್ಟು ಹೇಳಬೇಕಾದರೆ ಸರ್ವೆ ತೋಪಿನೊಳಕ್ಕೆ ಹೋಗಬೇಕು. ನಮ್ಮ ಕಲ್ಯಾಣದುರ್ಗದ ಸಂತೆಯಲ್ಲಿ ಕುರಿಯ ಬೆಲೆ ಟವಲಿನಡಿ ಬೆರಳು ಹಿಡಿದೇ ಮುಗಿದರೆ, ಅಲ್ಲಿನ ಹೆಂಗಸರು ಮೀನಿನ ಬೆಲೆಯನ್ನು ಊರಿಗೆಲ್ಲ ಕೇಳುವಂತೆ ಕೂಗುತ್ತಾರೆ. ಮಧ್ಯಾಹ್ನ ನಾಯಿಯೂ ಸೇರಿ ಊರೆಲ್ಲ ಮಲಗುತ್ತದೆ. ದಡದಲ್ಲಿ ಕೆಂಪನೆಯ ದೀಪದ ಕಂಬ, ತಾಳೆಮರಕ್ಕಿಂತ ಎತ್ತರ.

ಇಷ್ಟನ್ನೂ ಜನ ತಾಳಿಕೊಳ್ಳುತ್ತಿದ್ದರು. ತಡೆಯಲಾಗದೆ ನಗುತ್ತಿದ್ದದ್ದು ಕೊನೆಯ ಮಾತಿಗೆ: “ಮಳೆ ಬಂದ್ರೆ ಆ ಹೆಂಗಸ್ರು ಗೋಣಿಚೀಲನ ಹಂಗೇ ತಲೆ ಮೇಲೆ ಹಾಕ್ಕಂಡು ನೆನೀತಿದ್ರು. ಕೊಪ್ಪೆ ಹಾಕೋದ್ನ ಕಲಿಸಿದ್ದೇ ನಾನು ಕಣಮ್ಮ.”

“ಸಮುದ್ರದೋರಿಗೇ ಮಳೆ ಪಾಠ ಹೇಳ್ಬುಟ್ಯಾ ಅಕ್ಕಾ!” ಎಂದು ಟೀ ಅಂಗಡಿಯ ಗಂಗುಲಪ್ಪ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ.

ಕೊಪ್ಪೆ ಕುರಿಯವರ ಮನೆ ವಿದ್ಯೆ. ಕಂಬಳಿಯ ಬಲಮೂಲೆಯನ್ನು ಎಡಮೂಲೆಯೊಳಗೆ ತೂರಿಸಿ ತಲೆಗೆ ಇಳಿಬಿಟ್ಟರೆ ಎಂಥ ಮಳೆಯೂ ಜಾರಿಹೋಗುತ್ತದೆ. ಚೌಡಕ್ಕ ಎಡಚಿ. ಅವಳ ಕೈಯಲ್ಲಿ ಎಡಮೂಲೆಯೇ ಬಲಮೂಲೆಯೊಳಗೆ ಹೋಗುತ್ತಿತ್ತು. ‘ನೆಟ್ಟಗೆ ಒಂದು ಕೊಪ್ಪೆ ಹಾಕಕ್ಕೆ ಬರಲ್ಲ’ ಎಂದು ಅತ್ತೆ ಸಾಯುವ ತನಕ ಗೊಣಗಿದಳು.

ಸಾಕ್ಷಿ ಹೇಳಬೇಕಾದ ನರಸಿಂಹಪ್ಪನೋ, ಮಹಾ ಗಟ್ಟಿ. “ಏನೈತೆ ಅಲ್ಲಿ? ಉಪ್ಪು, ಕಾಲ್ತುಂಬ ಹುಣ್ಣು. ನಂಗ್ ಬ್ಯಾರೆ ಏನೂ ಗ್ಯಾಪ್ಕ ಇಲ್ಲ ಕಣಪ್ಪ” ಎಂದು ಬೀಡಿ ಹಚ್ಚುತ್ತಿದ್ದ. ಅಲ್ಲೇ ಇದ್ದುಬಿಡೋಣ ಎಂದು ಚೌಡಕ್ಕ ಆಗ ಹಟ ಹಿಡಿದಿದ್ದಳು. ಕುರಿ ಬಿಟ್ಟು ಅವನಿರಲಾರ. ನಲವತ್ತು ವರ್ಷವಾದರೂ ಆ ಮುನಿಸು ಇಳಿದಿರಲಿಲ್ಲ, ಗಂಡಸರ ಮುನಿಸಿಗೆ ಆಯಸ್ಸು ಜಾಸ್ತಿ.

ಊರು ನಕ್ಕರೆ ಚೌಡಕ್ಕನೂ ನಗುತ್ತಿದ್ದಳು. ಆದರೆ ಕಳೆದ ವರ್ಷ, ಕಲ್ಯಾಣದುರ್ಗದಲ್ಲಿ ನರ್ಸಾಗಿರುವ ಮೊಮ್ಮಗಳು ಕೀರ್ತನಾ ಯಾರಿಗೋ ಫೋನಿನಲ್ಲಿ “ಅವನ್ ಮಾತಾ? ನಮ್ಮಜ್ಜಿ ಸಮುದ್ರ ಇದ್ದಂಗೆ” ಎಂದದ್ದು ಕಿವಿಗೆ ಬಿತ್ತು. ಮನೆಯ ಮಗುವೇ ಹೀಗಂದಿತಲ್ಲ ಎಂದು ಚೌಡಕ್ಕ ನೊಂದುಕೊಂಡಳು. ಅಂದಿನಿಂದ ಸಮುದ್ರದ ಸುದ್ದಿಯನ್ನೇ ಬಿಟ್ಟುಬಿಟ್ಟಳು. ತಿಂಗಳೆರಡಾದರೂ ಅಜ್ಜಿ ಆ ಮಾತೆತ್ತದಿದ್ದುದನ್ನು ಕಂಡು ಕೀರ್ತನಾಳಿಗೆ ತನ್ನ ತಪ್ಪು ಹೊಳೆಯಿತು. ರಜೆ ಹಾಕಿ, ಟಿಕೆಟ್ ತಂದು, “ಏಳಜ್ಜಿ, ನಿನ್ ಸಮುದ್ರ ನೋಡ್ಕಂಡ್ ಬರಾನ” ಎಂದಳು.

ಚೌಡಕ್ಕನಿಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ತಾನು ಹೇಳಿದ್ದು ಅಲ್ಲಿ ಇಲ್ಲದೆ ಹೋದರೆ?

ಹೆದರಿದಂತೆಯೇ ಆಯಿತು. ಉಪ್ಪಿನ ಮಡಿಗಳಿದ್ದ ಜಾಗದಲ್ಲಿ ಸೀಗಡಿ ಕೆರೆಗಳಿದ್ದವು. ದಡದಲ್ಲಿ ಬಣ್ಣದ ಕುರ್ಚಿ, ಸುಟ್ಟ ಜೋಳ, ಸೆಲ್ಫಿಗೆಂದು ಊರ ಹೆಸರಿನ ಆಳೆತ್ತರದ ಅಕ್ಷರ. ಬೀದಿಯೇನೋ ಈಗಲೂ ನೀರಿಗೇ ಬೀಳುತ್ತಿತ್ತು. ದೀಪದ ಕಂಬ ಮಾತ್ರ ಕಪ್ಪು ಬಿಳಿ ಪಟ್ಟೆ ಬಳಿದುಕೊಂಡು ನಿಂತಿತ್ತು.

“ಕೆಂಪು ಅಂದಿದ್ಯಲ್ಲಜ್ಜಿ?” ಕೀರ್ತನಾ ಮೆಲ್ಲಗೆ ಕೇಳಿದಳು.

“ಅಂದಿದ್ದೆ ಕಣಮ್ಮ” ಎಂದು ಚೌಡಕ್ಕ ನೀರಿನಲ್ಲಿ ಕಾಲಿಟ್ಟು ಕೂತಳು. ಅಲೆ ಮಂಡಿಯವರೆಗೆ ಬಂದು ಹೋಗುತ್ತಿತ್ತು, ಹಿತವಾಗಿಯೇ ಇತ್ತು. ಆದರೂ, ಊರವರು ಅಂದದ್ದೇ ನಿಜವಿರಬಹುದೇ, ತಾನೇ ಏನೇನೋ ಕಟ್ಟಿಕೊಂಡೆನೇ ಎಂದು ಮೊದಲ ಸಲ ಅನುಮಾನ ಹತ್ತಿತು.

ಮರುದಿನ ಬೆಳಿಗ್ಗೆ ಇಬ್ಬರೂ ಮೀನಿನ ಹರಾಜು ನೋಡಲು ಹೋದರು. ದೋಣಿಗಳು ಬಂದಿದ್ದವು, ಹೆಂಗಸರು ಗಂಟಲು ಹರಿಯುವಂತೆ ಬೆಲೆ ಕೂಗುತ್ತಿದ್ದರು. ಅಷ್ಟರಲ್ಲಿ ದಪ್ಪ ಹನಿ ಶುರುವಾಯಿತು. ಯಾರೂ ಓಡಲಿಲ್ಲ. ಬುಟ್ಟಿಯಡಿಯಿಂದ ಒಬ್ಬೊಬ್ಬರೂ ಖಾಲಿ ಚೀಲ ಎಳೆದು, ಒಂದು ಮೂಲೆ ತೂರಿಸಿ ತಲೆಗೆ ಹಾಕಿಕೊಂಡು ಕೂಗು ಮುಂದುವರಿಸಿದರು.

ಚೌಡಕ್ಕ ಮೊಮ್ಮಗಳ ರಟ್ಟೆ ಹಿಡಿದಳು. “ಮೂಲೆ ನೋಡೇ. ಮೂಲೆ ನೋಡು.”

ಕೀರ್ತನಾ ನೋಡಿದಳು. ಅಲ್ಲಿದ್ದ ಮೂವತ್ತು ಹೆಂಗಸರ ಕೊಪ್ಪೆಯಲ್ಲೂ ಎಡಮೂಲೆಯೇ ಬಲಮೂಲೆಯೊಳಗೆ ಹೋಗಿತ್ತು. ಕುಂದುರ್ಪಿಯಲ್ಲಿ ಹಾಗೆ ಮಡಚುವ ಕೈ ಒಂದೇ ಒಂದು. ಅವಳು ಹತ್ತಿರದ ಮೀನುಗಾತಿಯನ್ನು, ಇದನ್ನು ಕಲಿಸಿದ್ದು ಯಾರು ಎಂದು ತೆಲುಗಿನಲ್ಲಿ ಕೇಳಿದಳು.

“ಮಾ ಅತ್ತಮ್ಮ” ಎಂದಳು ಮೀನುಗಾತಿ. ಅತ್ತೆಗೆ ಯಾರೋ ಕುರಿಯವರ ಹುಡುಗಿ ಕಲಿಸಿದ್ದಳಂತೆ, ಹಿಂದೆ ಉಪ್ಪಿನ ಕೆಲಸಕ್ಕೆ ಬಂದವಳಂತೆ.

ಚೌಡಕ್ಕ ಬುಟ್ಟಿಯ ಮೇಲಿದ್ದ ಚೀಲವೊಂದನ್ನು ಎತ್ತಿ, ಎಡಗೈಯಲ್ಲಿ ಮೂಲೆ ತೂರಿಸಿ ತಲೆಗೆ ಹಾಕಿಕೊಂಡಳು. ಮೀನುಗಾತಿ ಕೂಗುವುದನ್ನೇ ಮರೆತು ಆ ಕೈಯನ್ನು ನೋಡುತ್ತಾ ನಿಂತಳು. ಆ ದಿನ ಅಜ್ಜಿ ಮೊಮ್ಮಗಳ ಊಟ ಅವಳ ಮನೆಯಲ್ಲೇ ಆಯಿತು, ಹುಣಸೆಹುಳಿಯ ಮೀನು ಸಾರಿನ ಜೊತೆ. ಕೀರ್ತನಾ ದಾರಿಯಲ್ಲಿ “ತಪ್ಪಾಯ್ತಜ್ಜಿ” ಎಂದು ಅತ್ತಳು. ಚೌಡಕ್ಕ “ಸಾಕ್ ಸುಮ್ಕಿರು” ಎಂದು ಅವಳ ಕಣ್ಣೊರೆಸಿದಳು.

ಊರಿಗೆ ಬಂದ ಸಂಜೆ ಗಂಗುಲಪ್ಪನ ಅಂಗಡಿಯಲ್ಲಿ ಕೀರ್ತನಾ ಫೋನಿನಲ್ಲಿದ್ದ ಫೋಟೊ ತೋರಿಸಿದಳು: ಕೊಪ್ಪೆ ಹಾಕಿದ ಮೀನಿನ ಹೆಂಗಸರು, ಹಿಂದೆ ಪಟ್ಟೆ ಬಳಿದ ದೀಪದ ಕಂಬ. ಗಂಗುಲಪ್ಪ ಎರಡೆರಡು ಸಲ ನೋಡಿದ. ಫೋನು ನರಸಿಂಹಪ್ಪನ ಕೈಗೆ ಹೋಯಿತು. ಅವನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ, ಬೀಡಿ ಆರಿಹೋದದ್ದೂ ಗೊತ್ತಾಗಲಿಲ್ಲ.

“ಇದು ನಮ್ಮೋಳ್ ಕೈ ಕಣ್ಲಾ ಗಂಗುಲಪ್ಪ. ಊರಿಗ್ ಊರ್ನೇ ಎಡಚಿ ಮಾಡ್ಬುಟ್ಟವ್ಳೆ” ಎಂದ. ಆಮೇಲೆ ಹೆಂಡತಿಯ ಕಡೆ ನೋಡದೆ, ಫೋನು ವಾಪಸು ಕೊಡುತ್ತಾ ಅಂದ: “ಆ ದೀಪದ್ ಕಂಬ, ಅವಾಗ ಕೆಂಪಗೇ ಇತ್ತು.”