ಗಾಜಮ್ಮನ ಕೆಂಪು ನೀರು

ಪ್ರಯೋಗಾಲಯದಲ್ಲಿ ಅವಳಿಗೆ ಗಾಜಮ್ಮ ಎಂದೇ ಹೆಸರು. ಹತ್ತೊಂಬತ್ತು ವರ್ಷದಿಂದ ಗಾಜು ತೊಳೆಯುವ ಕೆಲಸ. ಇದೇನು ಮಹಾ ಎಂದು ಮೂಗು ಮುರಿಯಬೇಡಿ. ಅಲ್ಲಿ ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿಸಿ ನೀರಿನಲ್ಲಿ ತೇಲಿಸುತ್ತಿದ್ದರು. ಆ ನೀರು ಹಳದಿಯಲ್ಲ, ಅಪ್ಪಟ ಕೆಂಪು. ಗಾಜಿನಲ್ಲಿ ಚೂರು ಉಪ್ಪಿನಂಶ ಉಳಿದರೂ ಕಣಗಳು ಒಂದಕ್ಕೊಂದು ಅಂಟಿಕೊಂಡು ನೀರು ನೀಲಿಯಾಗಿ, ವಾರದ ದುಡಿಮೆಯೆಲ್ಲ ಮಣ್ಣುಪಾಲು. ಹಾಗಾಗಿ ಗಾಜಮ್ಮ ಆಮ್ಲದಲ್ಲಿ ಅದ್ದಿ, ಬಟ್ಟಿ ಇಳಿಸಿದ ನೀರಿನಲ್ಲಿ ಏಳು ಸಲ ಜಾಲಿಸಿದ ಮೇಲೆಯೇ ಯಾರಾದರೂ ಸೀಸೆ ಮುಟ್ಟಬೇಕು. ದೊಡ್ಡ ದೊಡ್ಡ ಪದವಿಯವರೂ ಅವಳ ಬೈಗುಳಕ್ಕೆ ಹೆದರುತ್ತಿದ್ದರು.

ಆ ಹೆಮ್ಮೆಯೇ ಅವಳನ್ನು ಹಳ್ಳಕ್ಕೆ ಬೀಳಿಸಿತು. ಅಕ್ಕನ ಎದೆಯಲ್ಲಿದ್ದ ಗಡ್ಡೆ ಕ್ಯಾನ್ಸರ್ ಎಂದು ಗೊತ್ತಾದಾಗ, ಸಮಾಧಾನಕ್ಕೆಂದು ಬಾಯಿ ಬಿಟ್ಟಳು. "ನಮ್ಮಲ್ಲೇ ಔಷಧಿ ಮಾಡ್ತಿದ್ದಾರೆ ಕಣಕ್ಕ. ಚಿನ್ನದ ಕಣ ಗಡ್ಡೆಗೆ ಹೋಗಿ ಕೂರುತ್ತೆ, ಮೇಲಿಂದ ಬೆಳಕು ಹಾಯಿಸಿದ್ರೆ ಗಡ್ಡೆ ಮಾತ್ರ ಸುಟ್ಟುಹೋಗುತ್ತೆ. ವಾಸಿಯಾಗದ ಕೀವಿನ ಹುಣ್ಣಿಗೂ ನೋಡ್ತಿದ್ದಾರೆ." ಅದೆಲ್ಲ ಇನ್ನೂ ಇಲಿಗಳ ಮೇಲೆ ಎಂಬುದನ್ನು ಮಾತ್ರ ನುಂಗಿಕೊಂಡಳು.

ಅಕ್ಕ ಆಸ್ಪತ್ರೆಯ ಕೀಮೋ ನಿಲ್ಲಿಸಿಬಿಟ್ಟಳು. "ಕೂದಲು ಉದುರಿಸ್ಕೊಂಡು ವಾಂತಿ ಮಾಡೋ ಕರ್ಮ ನಂಗ್ಯಾಕೆ? ನಿಮ್ಮದು ಬರಲಿ, ಕಾಯ್ತೀನಿ."

ಗಾಜಮ್ಮ ಇಕ್ಕಟ್ಟಿಗೆ ಸಿಕ್ಕಿಕೊಂಡಳು. ನಿಜ ಹೇಳಿದರೆ ಅಕ್ಕ ಬದುಕುವ ಆಸೆಯನ್ನೇ ಬಿಡುತ್ತಾಳೆ, ಹೇಳದಿದ್ದರೆ ಕಾಯುತ್ತಲೇ ಸಾಯುತ್ತಾಳೆ. ನಿಜವಾದ ಚಿನ್ನದ ನೀರನ್ನು ತರುವ ಮಾತೇ ಇಲ್ಲ, ಮನುಷ್ಯರ ಹೊಟ್ಟೆಗೆ ಹೋದರೆ ಏನಾದೀತೆಂದು ಅದನ್ನು ಮಾಡುತ್ತಿದ್ದ ಪ್ರಯೋಗಾಲಯದ ಮೇಡಂಗೇ ಗೊತ್ತಿರಲಿಲ್ಲ. ಮೂರು ದಿನ ಒದ್ದಾಡಿ, ನಾಲ್ಕನೆಯ ದಿನ ಬೀಟ್‌ರೂಟ್ ಬೇಯಿಸಿದ ನೀರನ್ನು ತಿಳಿಯಾಗಿ ಸೋಸಿ ಸಣ್ಣ ಸೀಸೆಗೆ ತುಂಬಿಸಿ ಕೊಟ್ಟಳು.

"ಕದ್ದು ತಂದಿದ್ದೀನಕ್ಕ. ಆದ್ರೆ ಕೀಮೋ ತಗೊಂಡ ದಿನ ಮಾತ್ರ ಕುಡೀಬೇಕು. ಇಲ್ದಿದ್ರೆ ಕೆಲಸ ಮಾಡಲ್ಲ."

ಅಕ್ಕ ಮರುದಿನವೇ ಆಸ್ಪತ್ರೆಗೆ ಹೊರಟಳು. ಎರಡು ತಿಂಗಳಲ್ಲಿ ಗಡ್ಡೆ ಅರ್ಧ ಕರಗಿತು. ದುಡಿದದ್ದು ಕೀಮೋ, ಹೆಸರು ಬಂದದ್ದು ಬೀಟ್‌ರೂಟಿಗೆ. ಗಾಜಮ್ಮನಿಗೆ ನಗಲೂ ಆಗದು, ಅಳಲೂ ಆಗದು. ಪ್ರತಿ ಸಲವೂ ಸೋಸುವುದು, ತುಂಬಿಸುವುದು, ಮುಖ ತಪ್ಪಿಸಿ ಕೊಡುವುದು.

ಒಂದು ಭಾನುವಾರ ಅಕ್ಕ ತಂಗಿಯ ಮನೆಗೆ ಬಂದಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಆಸ್ಪತ್ರೆಯಲ್ಲಿ ಅಕ್ಕನ ಪಕ್ಕದ ಹಾಸಿಗೆಯವಳ ಗಂಡ. ಕೈಯಲ್ಲಿ ಖಾಲಿ ಸೀಸೆ.

"ನಿಮ್ಮಕ್ಕ ಆ ಕೆಂಪು ನೀರಿನ ವಿಷಯ ಹೇಳಿದ್ರು ತಾಯಿ. ನಮ್ಮವಳಿಗೆ ಕೀಮೋ ತಡ್ಕೊಳ್ಳೋಕೆ ಆಗ್ತಿಲ್ಲ. ಇವತ್ತು ಬಿಡಿಸ್ಕೊಂಡು ಮನೆಗೆ ಕರ್ಕೊಂಡು ಬಂದ್ಬಿಟ್ಟೆ. ನಿಮ್ಮ ನೀರೊಂದು ಕೊಟ್ರೆ ಸಾಕು."

"ಇಲ್ಲ ಅನ್ಬೇಡ್ವೇ," ಅಕ್ಕ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟಳು. "ಬೇಕಿದ್ರೆ ನನ್ನ ಪಾಲಲ್ಲೇ ಅರ್ಧ ಕೊಡು."

ಅಕ್ಕನಿಗೆ ಇನ್ನೂ ಮೂರು ಕೀಮೋ ಬಾಕಿಯಿತ್ತು. ಗಾಜಮ್ಮ ಅವನ ಕೈಯಿಂದ ಸೀಸೆ ತೆಗೆದುಕೊಂಡಳು, ಮತ್ತೆ ಅವನ ಕೈಗೇ ಇಟ್ಟಳು.

"ಈಗಲೇ ವಾಪಸ್ ಕರ್ಕೊಂಡು ಹೋಗಿ ಅಣ್ಣ. ಅದು ಬರೀ ಬೀಟ್‌ರೂಟ್ ನೀರು."

ಅವನು ಮೆಟ್ಟಿಲಿಳಿದು ಓಡಿದ. ಹೆಗಲ ಮೇಲಿದ್ದ ಕೈ ಜಾರಿತು.

"ನಂಗೆ ಕೊಟ್ಟಿದ್ದು?" ಎಂದಳು ಅಕ್ಕ.